ಟ್ರ್ಯಾಕ್ಟರ್ ಸೀಟಿನ ದೊರೆಸಾನಿ

೧ ಏಪ್ರಿಲ್ ೧೯೯೨, ಬುಧವಾರ

ಇವತ್ತು ಪ್ರವಾಸಿಗಳಿಗೆ ಅರಮನೆಯ ಬಾಗಿಲು ತೆರೆಯಿತು. ಚಳಿಗಾಲವಿಡೀ ಮುಚ್ಚಿದ್ದ ದೊಡ್ಡ ಊಟದ ಹಜಾರದಲ್ಲಿ ಅರ್ಧ ಇಲಿಯ ವಾಸನೆ, ಅರ್ಧ ಮೇಣದ ವಾಸನೆ. ಕಂಬಳಿ ಚಪ್ಪಲಿಗಳ ಪೆಟ್ಟಿಗೆಯನ್ನು ಹೊರಗೆ ಎಳೆದು, ಒಂದೊಂದನ್ನೂ ಗೋಡೆಗೆ ಬಡಿದು ಧೂಳು ಕೊಡವಿದೆ. ನೋಡಲು ಬರುವವರು ಯಾರೇ ಆಗಲಿ, ಬೂಟಿನ ಮೇಲೆ ಆ ಚಪ್ಪಲಿ ಏರಿಸಿಕೊಳ್ಳದೆ ನನ್ನ ಮರದ ನೆಲದ ಮೇಲೆ ಕಾಲಿಡುವಂತಿಲ್ಲ. ಹಿಂದೆ ಮಂತ್ರಿಯೊಬ್ಬರು ಬಂದಿದ್ದಾಗ ಅವರಿಗೂ ಒಂದು ದೊಡ್ಡದು ಒಂದು ಚಿಕ್ಕದು ಸಿಕ್ಕಿತ್ತು. ಹಾಕಿಕೊಂಡೇ ಹಜಾರದುದ್ದಕ್ಕೂ ಜಾರಿದರು.

ಸಂಜೆ ನಮ್ಮ ಮೇಲ್ವಿಚಾರಕ ಹ್ರುಬೆಷ್ ನನ್ನನ್ನು ಕಚೇರಿಗೆ ಕರೆದು, ಕೂರಲು ಹೇಳಿದರು. ಅವರು ಕೂರಲು ಹೇಳಿದರೆ ಸುದ್ದಿ ಕೆಟ್ಟದ್ದೇ. ನಲವತ್ತೆಂಟರಲ್ಲಿ ಕಮ್ಯುನಿಸ್ಟರು ಅರಮನೆ ಕಿತ್ತುಕೊಂಡಾಗ ಓಡಿಹೋದ ಹಳೆಯ ಧಣಿಯ ಮಗ, ಎಗೋನ್ ಬೊರ್ಖಾಲ್ ಎಂಬವನು, ಹೊಸ ಸರ್ಕಾರದ ಕಾಯ್ದೆಯಂತೆ ಅರಮನೆ ವಾಪಸು ಬೇಕೆಂದು ಅರ್ಜಿ ಹಾಕಿದ್ದಾನಂತೆ. ಸೆಪ್ಟೆಂಬರಿನಲ್ಲಿ ತೀರ್ಪು.

"ಗೇಟಿನ ಮನೆ?" ಎಂದೆ.

"ಗೇಟು ಅವರದಾದ್ರೆ ಗೇಟಿನ ಮನೆಯೂ ಅವರದೇ ಅಲ್ವಾ, ದ್ರಾಹಾ ಅವರೇ" ಎಂದು ಪೆನ್ನನ್ನು ನೋಡಿದರು.

ಆ ಮನೆಗೆ ನಾನು ಮದುವಣಗಿತ್ತಿಯಾಗಿ ಬಂದವಳು. ಅದರ ಗೋಡೆಗೆ ಹಬ್ಬಿಸಿರುವ ಪಿಯರ್ ಮರ ನನ್ನ ಗಂಡ ವೊಯ್ತೆಖ್ ನೆಟ್ಟದ್ದು. ಅವರು ಇಲ್ಲಿ ತೋಟಗಾರರಾಗಿದ್ದರು. ಧಣಿಗಳು ಹೋದರೆಂದು ನನ್ನ ಅಪ್ಪ ಬೀದಿಯಲ್ಲಿ ಕುಣಿದಿದ್ದ. ಈಗ ಅವರು ತಿರುಗಿ ಬರುವುದನ್ನು ನಾನು ನೋಡಬೇಕು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ಈ ಬೊರ್ಖಾಲ್ ಎಂಥ ಕೊಡೆ ಹಿಡಿಯುತ್ತಾನೋ ನೋಡೋಣ. ನಾನಂತೂ ತಲೆ ಬಾಗಿಸುವವಳಲ್ಲ.

೫ ಏಪ್ರಿಲ್, ಭಾನುವಾರ

ಹಳೆಯ ಗೆಳೆಯ ಅಲೋಯಿಸ್ ಎಂದಿನ ಭಾನುವಾರದಂತೆ ಕೊಲಾಚ್, ಅಂದರೆ ಪ್ಲಮ್ ಹಣ್ಣಿಟ್ಟ ಸಿಹಿ ರೊಟ್ಟಿ, ಹಿಡಿದು ಬಂದ. ಹೆಂಡತಿ ಹೋದ ಮೇಲೆ ಬೇಯಿಸುವುದು ಕಲಿತವನು. ಹಿಟ್ಟು ಇನ್ನೂ ಸ್ವಲ್ಪ ಗಟ್ಟಿ. ನನ್ನ ಅಡುಗೆಮನೆಯಲ್ಲಿರುವುದು ಎರಡೇ ಕುರ್ಚಿ. ಒಂದರಲ್ಲಿ ಅವನು, ಒಂದರಲ್ಲಿ ನಾನು. ಊರಿನ ಸಹಕಾರಿ ಬೇಸಾಯ ಸಂಘಕ್ಕೆ ಅಷ್ಟು ವರ್ಷ ಅಧ್ಯಕ್ಷನಾಗಿದ್ದವನು ಈಗ ಮೊಲ ಸಾಕಿಕೊಂಡಿದ್ದಾನೆ.

"ಧಣಿ ಬಂದು ಏನ್ ಮಾಡ್ತಾನೆ ಹೇಳು" ಎಂದ. "ನಲವತ್ತು ಕೋಣೆ. ಸೂರು ಸೋರುತ್ತೆ. ಬಂದವನು ಬಕೆಟ್ ಇಟ್ಕೊಂಡು ಓಡಾಡ್ಬೇಕು, ಅಷ್ಟೇ."

ನಗು ಬಂತು. ಆದರೂ ಅವನು ಹೋದ ಮೇಲೆ ಗೋಡೆಗಳನ್ನು ಸುಮ್ಮನೆ ಮುಟ್ಟಿ ನೋಡಿದೆ.

೧೪ ಏಪ್ರಿಲ್, ಮಂಗಳವಾರ

ಬ್ರನೋ ಪಟ್ಟಣದಿಂದ ಒಬ್ಬ ಹುಡುಗಿ ಬಂದಿದ್ದಾಳೆ, ಸಬೀನಾ. ತಲೆ ಬೋಳು, ಕಾಲಿಗೆ ಸಿಪಾಯಿಗಳ ಬೂಟು, ಬಾಯಲ್ಲಿ ಸದಾ ಸಿಗರೇಟು. ಹಚ್ಚುವುದಿಲ್ಲ, ನನಗೆ ಹೆದರಿ. ಕಲಾವಿದೆಯಂತೆ. ಊಟದ ಹಜಾರದಲ್ಲಿ 'ಧಣಿಗಳು ಮರಳಿ ಬಂದರು' ಎಂಬ ಪ್ರದರ್ಶನ ಮಾಡಲು ಹ್ರುಬೆಷ್ ಒಪ್ಪಿಗೆ ಕೊಟ್ಟಿದ್ದಾರೆ. ಅರಮನೆ ಕೈತಪ್ಪುವ ಮುಂಚೆ ಧಣಿಗಳನ್ನು ಚೆನ್ನಾಗಿ ಅಣಕಿಸಿಬಿಡೋಣ ಎಂದು ಅವರಿಗೂ ಅನ್ನಿಸಿರಬೇಕು.

ಸಂಘದ ಕೊಟ್ಟಿಗೆಯಿಂದ ಹಳೆಯ ಟ್ರ್ಯಾಕ್ಟರೊಂದರ ಸೀಟು ಬಿಚ್ಚಿ ತಂದು ಚಿನ್ನದ ಬಣ್ಣ ಬಳಿದಳು. ಅದೇ ಸಿಂಹಾಸನ. ಮೇಲೆ ಚಪ್ಪರ, ಮೇ ದಿನದ ಮೆರವಣಿಗೆಯ ಕೆಂಪು ಬಾವುಟಗಳನ್ನು ಹೊಲಿದು ಅಂಚಿಗೆ ಜರಿ ಕಟ್ಟಿದ್ದು. ತೂಗುದೀಪಕ್ಕೆ ಕಾರ್ಖಾನೆಯ ಊಟದ ಮನೆಗಳ ಅಲ್ಯೂಮಿನಿಯಂ ಚಮಚಗಳು. ಉಪ್ಪಿನಕಾಯಿ ಜಾಡಿಗಳ ಮುಚ್ಚಳಕ್ಕೆ ಬಂಗಾರದ ಕಾಗದ ಅಂಟಿಸಿ ಕಿರೀಟ. ಬೊರ್ಖಾಲರ ಅಜ್ಜ ಮುತ್ತಜ್ಜಂದಿರ ಚಿತ್ರಗಳ ಜಾಗದಲ್ಲಿ ಕಸಾಯಿ, ಪೋಸ್ಟ್ ಅಮ್ಮ, ಬಿಯರ್ ಅಂಗಡಿಯವ, ಎಲ್ಲರೂ ಕೊರಳಿಗೆ ಲೇಸು ಕಟ್ಟಿಕೊಂಡು ಸೊಟ್ಟ ಮುಖ ಮಾಡಿ ನಿಂತ ಭಾವಚಿತ್ರಗಳು. ನನಗೆ ಬಹಳ ಹಿಡಿಸಿತು. ಹೊಟ್ಟೆ ತಣ್ಣಗಾಯಿತು.

೨೯ ಏಪ್ರಿಲ್, ಬುಧವಾರ

ಸಿಂಹಾಸನದಲ್ಲಿ ಕೂರಿಸಬೇಕಿದ್ದ ಅಂಗಡಿಯ ಗೊಂಬೆ ಲಾರಿಯಿಂದ ಬಿದ್ದು ತಲೆ ಒಡೆದುಕೊಂಡಿತು. ಸಬೀನಾ ಅಳುವುದೊಂದು ಬಾಕಿ. ಆಮೇಲೆ ನನ್ನನ್ನೇ ನೋಡುತ್ತ ನಿಂತಳು.

"ಚಿಕ್ಕಮ್ಮಾ, ನೀವು ದಿನಾ ಈ ಹಜಾರದಲ್ಲೇ ಕೂತಿರ್ತೀರಲ್ವಾ, ಕಾವಲಿಗೆ?"

"ಮತ್ತೆ?"

"ಹೇಗೂ ಕೂರೋದೇ. ಆ ಕುರ್ಚಿ ಬಿಟ್ಟು ಇದರಲ್ಲಿ ಕೂತ್ಕೊಳ್ಳಿ."

ಹುಚ್ಚು ಹುಡುಗಿ ಎಂದೆ. ಆದರೆ ಕೂತು ನೋಡಿದೆ. ನನ್ನ ಕುರ್ಚಿಗಿಂತ ಬೆನ್ನಿಗೆ ಹಿತ. ಮೂರು ಮೆಟ್ಟಿಲು ಎತ್ತರ ಬೇರೆ. ಯಾರ ಕಾಲಲ್ಲಿ ಚಪ್ಪಲಿ ಇಲ್ಲವೆಂಬುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಆ ಒಂದು ಕಾರಣಕ್ಕೆ ಒಪ್ಪಿದೆ.

೨ ಮೇ, ಶನಿವಾರ

ಪ್ರದರ್ಶನ ಶುರುವಾಯಿತು. ಬಂದವರು ಬಾಗಿ ನಮಸ್ಕರಿಸಬೇಕು, ನಾನು ಅವರ ಅಂಗೈ ಹಿಂಭಾಗಕ್ಕೆ ನೇರಳೆ ಶಾಯಿಯ ಮೊಹರು ಒತ್ತಬೇಕು: 'ಜೀತದಾಳು'. ಊರಿಗೆ ಊರೇ ಬಂದು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಶಾಲೆಯ ಮಾಸ್ತರರು ಎರಡು ಸಲ ಸಾಲಿನಲ್ಲಿ ನಿಂತು ಎರಡೂ ಕೈಗೆ ಒತ್ತಿಸಿಕೊಂಡರು. ನನಗೆ ಬಹಳ ನಾಚಿಕೆಯಾಯಿತು. ಮುಚ್ಚಳದ ಕಿರೀಟ ಕಿವಿಗೆ ಒತ್ತುತ್ತದೆ.

೧೭ ಮೇ, ಭಾನುವಾರ

ವಿಚಿತ್ರ ನಡೆಯುತ್ತಿದೆ. ಪೋಸ್ಟ್ ಅಮ್ಮ ಮೊಹರು ಒತ್ತಿಸಿಕೊಂಡು ಹೋಗದೆ ಅಲ್ಲೇ ನಿಂತಳು. ಚೀಲದಿಂದ ಕಾಫಿ ಪುಡಿಯ ಪೊಟ್ಟಣ ತೆಗೆದು ಸೀಟಿನ ಪಕ್ಕ ಇಟ್ಟಳು.

"ಇದೇನೇ?"

"ಇರ್ಲಿ ಬಿಡಿ. ಧಣಿ ಬಂದಾಗ ನೀವು ಇಲ್ಲೇ ಇರ್ತೀರಲ್ಲ. ಕೆರೆ ಪಕ್ಕದ ನಮ್ಮ ತರಕಾರಿ ಜಾಗ ಹಾಗೇ ಇರ್ಲಿ ಅಂತ ಒಂದ್ಮಾತು ಹೇಳಿ."

"ನಾನ್ಯಾರೇ ಹೇಳೋಕೆ? ಇದು ನಾಟಕ ಕಣೇ."

"ಗೊತ್ತು ಗೊತ್ತು" ಎಂದು ಕಣ್ಣು ಮಿಟುಕಿಸಿ ಹೋದಳು.

ನಮ್ಮ ಜನಕ್ಕೆ ಇದು ರಕ್ತದಲ್ಲೇ ಬಂದಿದೆ. ನಲವತ್ತು ವರ್ಷ, ಎತ್ತರದ ಜಾಗದಲ್ಲಿ ಮೊಹರು ಹಿಡಿದು ಕೂತವರ ಮುಂದೆ ಕಾಫಿಯೋ ಚಾಕೊಲೇಟೋ ಇಡದೆ ಯಾರ ಕೆಲಸವಾಗಿದೆ? ಕೂತವರು ಯಾರು, ಯಾಕೆ ಕೂತಿದ್ದಾರೆ ಎಂದು ಯಾರೂ ಕೇಳಿದವರಲ್ಲ. ಕಾಫಿ ವಾಪಸು ಕೊಡಲು ಹೋದರೆ ಅವಳಿಗೆ ಬೇಜಾರಾಗುತ್ತಿತ್ತು.

೯ ಜೂನ್, ಮಂಗಳವಾರ

ಸಾಲು ಗೇಟಿನವರೆಗೆ. ಕಸಾಯಿ ಹಂದಿಮಾಂಸ ತಂದ. ಅವನಿಗೂ ಬಿಯರ್ ಅಂಗಡಿಯವನಿಗೂ ಬೇಲಿ ಜಗಳ. ಇಬ್ಬರನ್ನೂ ನಿಲ್ಲಿಸಿ ತೀರ್ಮಾನ ಹೇಳಿದೆ, ಬೇಲಿ ಕೀಳಿ, ನೆಲ್ಲಿಗಿಡ ಹಾಕಿ ಅಂತ. ಆಶ್ಚರ್ಯವೆಂದರೆ ಇಬ್ಬರೂ ಒಪ್ಪಿ ಹೋದರು. ಲಿಂಡನ್ ಮರಗಳ ಕೆಳಗೆ ಕಾರು ನಿಲ್ಲಿಸಬಾರದೆಂದೂ ಅಪ್ಪಣೆ ಮಾಡಿದೆ. ಯಾರಾದರೂ ಮಾಡಬೇಕಲ್ಲ.

ಸಬೀನಾಳಿಗೆ ಸಮಾಧಾನವಿಲ್ಲ. "ನಾನು ಅಣಕಿಸೋಕೆ ಅಂತ ಇದನ್ನ ಮಾಡ್ದೆ, ಚಿಕ್ಕಮ್ಮ. ನೀವು ನೋಡಿದ್ರೆ ಆಳೋಕೆ ಶುರು ಮಾಡಿದೀರ."

"ಜನ ಬರ್ತಿದಾರೋ ಇಲ್ವೋ?"

"ಬರ್ತಿದಾರೆ."

"ಮತ್ತೆ ಸುಮ್ನಿರು" ಎಂದೆ. ಕಲಾವಿದರಿಗೆ ತಮ್ಮ ಕೆಲಸ ಚೆನ್ನಾಗಿ ನಡೆದರೂ ಕಷ್ಟ.

೨೧ ಜೂನ್, ಭಾನುವಾರ

ಒಳ್ಳೆಯ ಬಿಸಿಲು. ಕಿರೀಟದ ಬಂಗಾರದ ಕಾಗದ ಬಿಸಿಲಿಗೆ ಬಣ್ಣ ಬಿಡುತ್ತದೆ, ಆದ್ದರಿಂದ ಗೇಟಿನ ಮನೆಯಿಂದ ಹಜಾರದವರೆಗೆ ಕೊಡೆ ಹಿಡಿಯಲು ಅಲೋಯಿಸನಿಗೆ ಹೇಳಿದೆ. ಹಿಡಿದ. ಮೋಡವಿಲ್ಲದ ಆಕಾಶದಡಿಯಲ್ಲಿ ನಾವಿಬ್ಬರೂ ಅಂಗಳ ದಾಟುವಾಗ ಪ್ರವಾಸಿಗಳು ಫೋಟೊ ತೆಗೆದರು. ಇದರಲ್ಲಿ ನಗುವುದೇನಿದೆ ಎಂದು ತಿಳಿಯಲಿಲ್ಲ.

ಒಳಗೆ ಹೋದ ಮೇಲೆ ಅವನು ಏನೋ ಕೇಳಬೇಕು ಎಂದ. ಎಲ್ಲರೂ ಕಾಯುತ್ತಿರುವಾಗ ಅವನೊಬ್ಬನಿಗೆ ಹೇಗೆ ಬಿಡುವುದು? "ಸಾಲಲ್ಲಿ ಬಾ" ಎಂದೆ. ಬಂದ. ಅವನ ಸರದಿ ಬರುವ ಹೊತ್ತಿಗೆ ಮುಚ್ಚುವ ಗಂಟೆ ಹೊಡೆಯಿತು.

"ನಾಳೆ ಬಾ" ಎಂದೆ.

"ನಾಳೆ ಸೋಮವಾರ. ನಿನಗೆ ರಜ."

"ಹಾಗಾದ್ರೆ ಮಂಗಳವಾರ."

ಕೊಡೆ ಮಡಚಿ ಗೋಡೆಗೆ ಒರಗಿಸಿದ. "ಅಗ್ನಿಶಾಮಕ ದಳದವರು ಊರಿಗೆ ನಡೆಸೋ ಕುಣಿತಕ್ಕೆ ಬರ್ತೀಯಾ ಅಂತ ಕೇಳೋಣ ಅಂತಿದ್ದೆ. ಅದು ಇವತ್ತೇ" ಎಂದ. ಬಾಗಿಲ ಬಳಿ ಚಪ್ಪಲಿ ಬಿಚ್ಚುತ್ತ ಇನ್ನೊಂದು ಮಾತು ಸೇರಿಸಿದ: "ಧಣಿ ಬರ್ತಾನೆ ಅಂತ ನಾನು ಹೆದರ್ತಿದ್ದೆ. ಪಾಪ, ಅವನಿಗೆ ನೀನು ಏನೂ ಕೆಲಸ ಉಳಿಸಿಲ್ಲ ಕಣೇ."

ಅಲೋಯಿಸ್ ಮೊದಲಿಂದಲೂ ಸ್ವಲ್ಪ ಸಿಡುಕ.

೨೮ ಜೂನ್, ಭಾನುವಾರ

ಸಂಜೆ ಯಾರೂ ಬರಲಿಲ್ಲ. ಒಳ್ಳೆಯದೇ ಆಯಿತು, ವಿಶ್ರಾಂತಿ ಸಿಕ್ಕಿತು.

೧೮ ಜುಲೈ, ಶನಿವಾರ

ನಮ್ಮ ಹೆಸರಿನ ದಿನ, ಕ್ಯಾಲೆಂಡರಿನಲ್ಲಿ ನಮ್ಮ ಹೆಸರಿಗೆ ಮೀಸಲಾದ ಹಬ್ಬ. ಇಷ್ಟು ವರ್ಷ ಅಲೋಯಿಸ್ ಒಬ್ಬನೇ ಹೂ ತರುತ್ತಿದ್ದುದು. ಈ ಸಲ ಹೂವಿನ ರಾಶಿಯಲ್ಲಿ ಸಿಂಹಾಸನವೇ ಮುಳುಗಿತು. ಹ್ರುಬೆಷ್ ಬಾಗಿಲು ತಟ್ಟಿ ಒಳಗೆ ಬಂದರು. ಈಗ ಯಾವಾಗಲೂ ತಟ್ಟಿಯೇ ಬರುತ್ತಾರೆ, ಒಳ್ಳೆಯ ಅಭ್ಯಾಸ. ಗಾಜಿನ ಲೋಟದಲ್ಲಿ ಗಸಿ ತುಂಬಿದ ಕಾಫಿ ಇನ್ನು ನಮಗೆ ಬೇಡ, ಪಿಂಗಾಣಿ ಬಟ್ಟಲಲ್ಲಿ ಕೊಡಿ ಎಂದು ತಿಳಿಸಿದೆವು. ನಮ್ಮ ಜನ ಒಳ್ಳೆಯವರು. ಸ್ವಲ್ಪ ಹೇಳಿಕೊಡಬೇಕು, ಅಷ್ಟೇ.

ಅಲೋಯಿಸನ ಹೂ ಬರಲಿಲ್ಲ. ಎರಡು ಸಲ ಎಣಿಸಿ ನೋಡಿದೆವು.

೧೧ ಆಗಸ್ಟ್, ಮಂಗಳವಾರ

ಇವತ್ತು ಒಬ್ಬ ತಮಾಷೆಯ ಮುದುಕ ಬಂದಿದ್ದ. ಎತ್ತರದ ಆಳು, ಮಳೆ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಹೊಸ್ತಿಲಲ್ಲೇ ನಿಂತು ಚಮಚಗಳ ತೂಗುದೀಪವನ್ನು ಬಾಯಿ ತೆರೆದು ನೋಡುತ್ತಿದ್ದ.

"ಚಪ್ಪಲಿ" ಎಂದೆವು, ಮೇಲಿಂದಲೇ.

ಬೆಚ್ಚಿಬಿದ್ದು ಪೆಟ್ಟಿಗೆಗೆ ಕೈ ಹಾಕಿದ. ಸಾಲಿನಲ್ಲಿ ನಿಂತು, ಸರದಿ ಬಂದಾಗ ಚೆನ್ನಾಗಿ ಬಾಗಿದ. ಸೊಂಟದಿಂದ, ಹಳೆಯ ಕಾಲದವರ ಹಾಗೆ.

"ಏನಾಗ್ಬೇಕಿತ್ತು?"

"ಏನಿಲ್ಲ, ಅಮ್ಮಾವ್ರೇ. ಹಳೇ ಧಣಿ ಮಗ ವಾಪಸ್ ಬಂದ್ರೆ ಏನು ಮಾಡ್ಬೇಕು ಅಂತೀರಿ?"

"ಮೊದ್ಲು ಚಪ್ಪಲಿ ಹಾಕ್ಕೋಬೇಕು. ಆಮೇಲೆ ಸೂರು ರಿಪೇರಿ ಮಾಡಿಸ್ಬೇಕು. ಆಮೇಲೆ ಬಾಯಿ ಮುಚ್ಕೊಂಡಿರ್ಬೇಕು. ಅವರಪ್ಪ ಈ ಮೂರರಲ್ಲಿ ಒಂದೂ ಮಾಡ್ಲಿಲ್ಲ."

"ಅದು ನಿಜ" ಎಂದು ಯೋಚಿಸಿದ. "ಗೇಟಿನ ಮನೆ ಗೋಡೆ ಮೇಲೆ ಪಿಯರ್ ಇದೆಯಲ್ಲ, ಒಂದು ಕಿತ್ಕೊಳ್ಲಾ?"

"ಅದು ನಮ್ಮದು. ಇನ್ನೂ ಕಾಯಿ. ಮುಂದಿನ ತಿಂಗಳು ಬನ್ನಿ, ನೋಡೋಣ."

ಮೊಹರು ಒತ್ತಿದೆವು. ಅದನ್ನು ಊದಿ ಒಣಗಿಸಿಕೊಳ್ಳುತ್ತ ಹೋದ.

೧೨ ಆಗಸ್ಟ್, ಬುಧವಾರ

ಹ್ರುಬೆಷ್ ಕಚೇರಿಗೆ ಕರೆದರು. ಕೂರಲು ಹೇಳಿದರು. ಎದುರು ಕುರ್ಚಿಯಲ್ಲಿ ನಿನ್ನೆಯ ಮುದುಕ, ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಕೈ ಮೇಲೆ ನೇರಳೆ ಬಣ್ಣದ 'ಜೀತದಾಳು'.

"ಎಗೋನ್ ಬೊರ್ಖಾಲ್" ಎಂದು ಎದ್ದು ಆ ಕೈಯನ್ನೇ ಚಾಚಿದರು. "ತಿಕ್ಕಿದ್ರೂ ಹೋಗ್ಲಿಲ್ಲ ನೋಡಿ. ಒಳ್ಳೇ ಶಾಯಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಅದು ನಾನೇ ಮೇಣ ಹಚ್ಚಿದ ಮರದ ನೆಲ; ಎಲ್ಲೂ ಬಿರುಕು ಬಿಡಲಿಲ್ಲ.

೯ ಸೆಪ್ಟೆಂಬರ್, ಬುಧವಾರ

ತೀರ್ಪು ಬಂತು. ಅರಮನೆ ಅವರದು, ಕೆರೆ ಅವರದು, ಗೇಟು ಅವರದು.

ಕೆಟ್ಟ ಮನುಷ್ಯನಲ್ಲ, ಅದೇ ಕಷ್ಟ. ಗಡಿಯಾಚೆ ಲಿಂಟ್ಸ್ ಪಟ್ಟಣದಲ್ಲಿ ಮೂವತ್ತು ವರ್ಷ ಟ್ರಾಮ್ ಓಡಿಸಿ ನಿವೃತ್ತರಾದವರು. ಹೆಂಡತಿ ಮಕ್ಕಳಿಲ್ಲ. ಕಾಯ್ದೆಯ ಪ್ರಕಾರ ಇನ್ನು ಇಲ್ಲೇ ವಾಸ ಇರಬೇಕಂತೆ. ನಾನು ಅವರಿಗೆ ನಲವತ್ತು ಕೋಣೆಯನ್ನೂ ತೋರಿಸಿದೆ. ಎಲ್ಲೂ ಒಲೆ ಉರಿಯುವುದಿಲ್ಲ, ಅರ್ಧದಲ್ಲಿ ಬಕೆಟ್. ಕೊನೆಗೆ ಮಳೆ ಬಂತೆಂದು ನನ್ನ ಅಡುಗೆಮನೆಗೆ ಬಂದು ಒಲೆಗೆ ಬೆನ್ನು ಮಾಡಿ ನಿಂತರು.

"ಬೆಚ್ಚಗಿರೋ ಜಾಗ ಇದೊಂದೇ" ಎಂದರು. "ಚಳಿಗಾಲಕ್ಕೆ ನಾನು ಇಲ್ಲಿಗೆ ಬರ್ಬೇಕಾಗುತ್ತೇನೋ. ನಿಮಗೆ ಊರಲ್ಲಿ ಎಲ್ಲಾದ್ರೂ ಒಂದು ಕೋಣೆ ಸಿಗಲ್ವಾ?"

ಕೇಳಿದ್ದು ತುಂಬ ಮರ್ಯಾದೆಯಿಂದ. ನಾನು ಎಂದೂ ಬಾಯಿಲ್ಲದವಳಲ್ಲ. ಇವತ್ತು ಒಲೆಗೆ ಇನ್ನೊಂದು ಸೌದೆ ಹಾಕಿದೆ, ಅಷ್ಟೇ.

೧೩ ಸೆಪ್ಟೆಂಬರ್, ಭಾನುವಾರ

ಭಯವಾಗುತ್ತಿದೆ. ವೊಯ್ತೆಖ್ ಸತ್ತಿದ್ದು ಈ ಒಳಕೋಣೆಯಲ್ಲಿ. ಬೇರೆ ಮನೆಯಲ್ಲಿ ನನಗೆ ನಿದ್ದೆ ಬಂದೀತೇ?

ಹಜಾರದಲ್ಲಿ ಸಾಲು ಚಿಕ್ಕದಾಗಿದೆ. ಈಗ ಎಲ್ಲರೂ ಕಾಫಿ ಪುಡಿ ಹಿಡಿದು ನೇರವಾಗಿ ಎಗೋನ್ ಅವರ ಹಿಂದೆಯೇ ತಿರುಗುತ್ತಾರೆ. ಅವರು ಗಾಬರಿಯಾಗಿ ಎಲ್ಲವನ್ನೂ ಹ್ರುಬೆಷ್‌ಗೆ ಕೊಡುತ್ತಾರೆ.

ಎರಡನೆಯ ಕುರ್ಚಿಯ ಮೇಲಿನ ಧೂಳು ಒರೆಸಿದೆ.

೨೦ ಸೆಪ್ಟೆಂಬರ್, ಭಾನುವಾರ

ಕೊಲಾಚ್ ಮಾಡಿದೆ. ತಳ ಸೀದಿತು. ಹಾಗೇ ಬಟ್ಟೆಯಲ್ಲಿ ಸುತ್ತಿಕೊಂಡು ಅಲೋಯಿಸನ ಮನೆಗೆ ಹೋದೆ. ಬಾಗಿಲ ಮುಂದೆ ಅವನ ನಾಯಿ ಕೂತಿತ್ತು.

ಕಿಟಕಿಯಿಂದ ಇಣುಕಿದ. "ಸಾಲಲ್ಲಿ ಬಾ."

ನಾಯಿಯ ಹಿಂದೆ ನಿಂತೆ. ಸ್ವಲ್ಪ ಹೊತ್ತು ನಿಲ್ಲಿಸಿದ, ಅದು ನ್ಯಾಯವೇ. ಆಮೇಲೆ ಬಾಗಿಲು ತೆರೆದು, ಮೊದಲು ನಾಯಿಯನ್ನು ಒಳಗೆ ಬಿಟ್ಟು ನಂತರ ನನ್ನನ್ನು ಬಿಟ್ಟ.

"ತಪ್ಪಾಯ್ತು ಕಣೋ" ಎಂದೆ. "ಕುಣಿತಕ್ಕೆ ಬರ್ಬೇಕಿತ್ತು."

"ನೀನು ಬಂದಿದ್ರೂ ನನ್ನ ಕಾಲು ತುಳೀತಿದ್ದೆ, ಬಿಡು" ಎಂದು ಸೀದ ಕೊಲಾಚನ್ನು ಪೂರ್ತಿ ತಿಂದ. ಮನೆಯ ವಿಷಯ ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

"ಅವರನ್ನ ಕೇಳಿದ್ಯಾ?"

"ಏನಂತ?"

"ಮನೆ ನನಗೇ ಇರ್ಲಿ ಅಂತ. ಬಾಯ್ಬಿಟ್ಟು."

"ನಾನ್ಯಾಕೆ ಕೇಳ್ಲಿ? ನಾನು ಯಾರಿಗೂ..."

"ತಲೆ ಬಾಗಿಸಲ್ಲ. ಗೊತ್ತು" ಎಂದ. "ಬೇಸಿಗೆ ಪೂರ್ತಿ ಊರಿಗೆ ಊರೇ ಬಂದು ನಿನ್ನನ್ನ ಕೇಳ್ತಲ್ಲ, ಅವರ ಕತ್ತೇನು ಮುರೀತಾ?"

೨೭ ಸೆಪ್ಟೆಂಬರ್, ಭಾನುವಾರ

ಪ್ರದರ್ಶನದ ಕೊನೆಯ ದಿನ. ಊರೆಲ್ಲ ಮತ್ತೆ ಬಂದಿತ್ತು. ಕೊನೆಯ ಸಲ ಮುಚ್ಚಳದ ಕಿರೀಟ ಇಟ್ಟುಕೊಂಡು ಕೂತೆ.

ಎಗೋನ್ ಅವರೂ ಸಾಲಿನಲ್ಲಿ ನಿಂತಿದ್ದರು. ಧಣಿಯೇ ಸಾಲಿನಲ್ಲಿರುವುದನ್ನು ಕಂಡು ಮುಂದಿದ್ದವರು ಜಾಗ ಬಿಡಲು ಹೋದರೆ, ಬೇಡ ಬೇಡ ಎಂದು ಕೈ ಆಡಿಸಿದರು. ಸರದಿ ಬಂದಾಗ ಸೊಂಟದಿಂದ ಬಾಗಿ ಕೈ ಚಾಚಿದರು. "ಮೊಹರು ಅಳಿಸೋಗಿದೆ, ಅಮ್ಮಾವ್ರೇ. ಇನ್ನೊಂದು ಸಲ ಒತ್ತಿ. ಮತ್ತೆ, ಪಿಯರ್ ಹಣ್ಣಾಯ್ತಾ?"

ಎಲ್ಲರೂ ನಕ್ಕರು. ನಾನು ಮೊಹರು ಎತ್ತಿದೆ. ಒತ್ತಲಾಗಲಿಲ್ಲ.

ಕೆಳಗಿಳಿದೆ. ಮೂರೇ ಮೆಟ್ಟಿಲು, ಕಂಬಳಿ ಚಪ್ಪಲಿ ಬೇರೆ; ಕೊನೆಯದರಲ್ಲಿ ಜಾರಿ ಅವರ ತೋಳನ್ನೇ ಹಿಡಿದುಕೊಂಡೆ. ಕಿರೀಟ ಬಿದ್ದು ಮುಚ್ಚಳಗಳು ಹಜಾರದ ತುಂಬ ಉರುಳಿದವು. ಸಬೀನಾ ಕೂಡ ನಗಲಿಲ್ಲ.

"ಆ ಗೇಟಿನ ಮನೆ ನನಗೇ ಬಿಟ್ಕೊಡಿ" ಎಂದೆ. "ಅದು ನಿಮ್ಮದು ಅಂತ ಗೊತ್ತು. ನಾನು ಅಲ್ಲೇ ಬದುಕಿದೀನಿ, ಅಲ್ಲೇ ಸಾಯ್ಬೇಕು. ಕೇಳ್ಕೋತಿದೀನಿ."

ತಲೆ ಬಾಗಿಸಿದೆನೋ ಇಲ್ಲವೋ ನೆನಪಿಲ್ಲ. ನೆಲ ಕಾಣುತ್ತಿತ್ತು.

ಎಗೋನ್ ಅವರು ಬಾಗಿ ಒಂದು ಮುಚ್ಚಳ ಹೆಕ್ಕಿ ಮೆಟ್ಟಿಲ ಮೇಲಿಟ್ಟರು. "ನನಗೆ ಆ ಒಲೆ ಮೇಲೆ ಆಸೆ ಇತ್ತು, ಸುಳ್ಳು ಹೇಳಲ್ಲ" ಎಂದರು. ಆಮೇಲೆ ನನ್ನ ಮೊಳಕೈ ಹಿಡಿದು ಮೆಟ್ಟಿಲ ಕಡೆಗೆ ತಿರುಗಿಸಿದರು. "ಹೋಗಿ ಕೂತ್ಕೊಳ್ಳಿ. ಮೂವತ್ತು ವರ್ಷ ಟ್ರಾಮ್ ಓಡಿಸ್ದೆ, ಕೂತಿದ್ದ ಹೆಂಗಸನ್ನ ಎಬ್ಬಿಸಿ ನಾನು ಕೂತವನಲ್ಲ. ಈಗ ಯಾಕೆ ಕಲೀಲಿ?"

"ಮತ್ತೆ ನೀವು ಎಲ್ಲಿರ್ತೀರಿ?" ಎಂದು ಹ್ರುಬೆಷ್ ಕೇಳಿದರು.

ಆಗ ಹಿಂದಿನಿಂದ ಅಲೋಯಿಸ್ ಕೆಮ್ಮಿದ. "ನಮ್ಮನೇಲಿ ಎರಡು ಕೋಣೆ ಖಾಲಿ ಬಿದ್ದಿದೆ. ಒಲೆ ಚೆನ್ನಾಗಿ ಉರಿಯುತ್ತೆ. ನಾನು ಸಹಕಾರ ಸಂಘದ ಅಧ್ಯಕ್ಷನಾಗಿದ್ದವನು, ನಿಮ್ಮಪ್ಪನ ಹೊಲ ಉತ್ತವನು, ಅದು ಮೊದ್ಲೇ ಹೇಳಿರ್ತೀನಿ."

"ಬೆಳೆ ಚೆನ್ನಾಗಿ ಬಂತಾ?"

"ಬೀಟ್‌ರೂಟ್ ಬಂತು. ಉಳಿದದ್ದು ಅಷ್ಟಕ್ಕಷ್ಟೆ."

"ಹಾಗಾದ್ರೆ ಬರ್ತೀನಿ" ಎಂದರು ಧಣಿ.

ಹಜಾರ ಬಿದ್ದು ಬಿದ್ದು ನಕ್ಕಿತು. ಸಬೀನಾ ಮೂಗು ಒರೆಸಿಕೊಳ್ಳುತ್ತ, ಇದನ್ನು ತಾನು ಯೋಚಿಸಿ ಮಾಡಿದ್ದರೆ ಯಾರೂ ನಂಬುತ್ತಿರಲಿಲ್ಲ ಎಂದಳು.

೪ ಅಕ್ಟೋಬರ್, ಭಾನುವಾರ

ಬಾವುಟ ಬಿಚ್ಚಿದರು, ಚಮಚ ಇಳಿಸಿದರು. ಹಜಾರದಲ್ಲಿ ನನ್ನ ಹಳೆಯ ಕುರ್ಚಿಗೆ ವಾಪಸು ಬಂದೆ. ಬೆನ್ನು ನೋಯುತ್ತದೆ. ಮಧ್ಯಾಹ್ನ ಎಗೋನ್ ಅವರು ಏನೋ ಯೋಚಿಸುತ್ತ ಬೂಟು ಕಾಲಲ್ಲೇ ಒಳಗೆ ಬಂದರು. "ಚಪ್ಪಲಿ" ಎಂದೆ. ಮಾಲೀಕರು ಹೊಸ್ತಿಲಿಗೆ ಹಿಂತಿರುಗಿ ಹಾಕಿಕೊಂಡು ಬಂದರು.

ಸಂಜೆ ಅಲೋಯಿಸ್ ಕೊಲಾಚ್ ತಂದ. ಹಿಂದೆಯೇ ಎಗೋನ್ ಅವರೂ ಬಂದರು. ಅಲೋಯಿಸನ ಮನೆಯಲ್ಲಿ ರೇಡಿಯೊ ಯಾವ ಸ್ಟೇಷನ್ ಹಾಕಬೇಕೆಂದು ದಾರಿಯುದ್ದಕ್ಕೂ ಇಬ್ಬರದೂ ಜಗಳ. ಪಿಯರ್ ಹಣ್ಣಾಗಿದೆ. ಅವರಿಗೆ ದೊಡ್ಡದನ್ನು ಕಿತ್ತುಕೊಟ್ಟೆ, ಮೂತಿಯ ಮೇಲೆಲ್ಲ ರಸ ಸುರಿಸಿಕೊಂಡು ತಿಂದರು.

ಅಡುಗೆಮನೆಯಲ್ಲಿರುವುದು ಎರಡೇ ಕುರ್ಚಿ. ಸಬೀನಾ ನನಗೆಂದು ಬಿಟ್ಟುಹೋದ ಟ್ರ್ಯಾಕ್ಟರ್ ಸೀಟನ್ನು ಒಲೆಯ ಪಕ್ಕ ಇಟ್ಟಿದ್ದೇನೆ, ಆದರೆ ಅದರಲ್ಲಿ ಬೆಕ್ಕು ಮಲಗಿತ್ತು. ಎಷ್ಟು ಗದರಿದರೂ ಏಳಲಿಲ್ಲ. ಅವರಿಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ ನಾನು ಸೌದೆ ಪೆಟ್ಟಿಗೆಯ ಮೇಲೆ ಕೂತೆ. ಕೊಲಾಚ್ ಈ ಸಲ ಮೆತ್ತಗಿತ್ತು.